ಐದರಲ್ಲಿ ಎರಡು ಪಾಲು ನೆರಳು

ನಮ್ಮ ಊರಿನಲ್ಲಿ ಮದುವೆಯಾದವರು ಮದುವೆಗೆ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಬಿಸಿಲಿನಲ್ಲಿ ಬದುಕುತ್ತಾರೆ. ಇದನ್ನು ಯಾರೂ ಮುಚ್ಚಿಟ್ಟಿಲ್ಲ, ಯಾರೂ ಇದಕ್ಕಾಗಿ ಕೂಗಾಡಿಯೂ ಇಲ್ಲ. "ಲಗ್ನ ಅಂದ್ರ ಬಿಸಲಪ್ಪಾ" ಎಂದು ಗಂಡಸರು ನಗುತ್ತಾರೆ. ಹೆಂಗಸರು ನಗುವುದೂ ಇಲ್ಲ, ಸೆರಗನ್ನು ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ನನ್ನ ಆಯಿ, ಅಂದರೆ ಅಜ್ಜಿ, ಹೇಳುತ್ತಿದ್ದ ಕಥೆಗಳಲ್ಲೂ ರಾಜಕುಮಾರಿ ಲಗ್ನವಾದ ಕೂಡಲೇ ಬಿಸಿಲಿಗೆ ಹೊರಡುತ್ತಿದ್ದಳು. ಯಾಕೆ ಎಂದು ನಾನು ಎಂದೂ ಕೇಳಲಿಲ್ಲ. ಕಥೆಯಲ್ಲವೇ, ರಾಜಕುಮಾರಿಗೆ ಅಷ್ಟೂ ಕಷ್ಟ ಇಲ್ಲದಿದ್ದರೆ ಹೇಗೆ ಅಂದುಕೊಂಡಿದ್ದೆ. ಈಗ ಹೇಳುತ್ತೇನೆ: ಅದು ಕಷ್ಟವಲ್ಲ, ಕಳವು. ಅದೂ ಹಾಡಹಗಲ ಕಳವು.

ನಮ್ಮಲ್ಲಿ ಮರಗಳಿಲ್ಲ, ನೆರಳುಗಳಿವೆ. ಬೆಳಗಿನ ಅಂಬಲಿ ಕುಡಿದಾದ ಮೇಲೆ ಮಡಿಸಿಟ್ಟ ನೆರಳನ್ನು ಹೊರಗೆ ತಂದು, ಕೊಡವಿ, ಗೂಟದಿಂದ ಗೂಟಕ್ಕೆ ಕಟ್ಟುತ್ತೇವೆ. ನಮ್ಮ ಬಿಸಿಲು ಹಂಚಿಗೂ ಗೋಡೆಗೂ ಹೆದರುವುದಿಲ್ಲ, ಅವುಗಳೊಳಗಿಂದಲೇ ಇಳಿದು ಬಂದು ನೆತ್ತಿಯ ಮೇಲೆ ಕೂರುತ್ತದೆ. ನೆರಳಿಗೆ ಮಾತ್ರ ಹೆದರುತ್ತದೆ. ನೆರಳು ಕೈಗೆ ತೊಯ್ದ ಧೋತರದ ಹಾಗೆ ತಣ್ಣಗೆ ತಾಗುತ್ತದೆ, ಹಳೆಯದಾದರೆ ಅಂಚು ಬಿಚ್ಚುತ್ತದೆ, ಬೆಕ್ಕುಗಳು ಅದನ್ನು ಪರಚುತ್ತವೆ. ಇವು ಯಾವ ಮರದ ನೆರಳುಗಳು ಎಂಬುದಕ್ಕೆ ಆಯಿಯ ಹತ್ತಿರ ದಿನಕ್ಕೊಂದು ಕಥೆಯಿದೆ. ನಾನು ಎಲ್ಲವನ್ನೂ ನಂಬಿದ್ದೇನೆ, ಆದ್ದರಿಂದ ಒಂದನ್ನೂ ಹೇಳುವುದಿಲ್ಲ.

ಯಾವ ಓಣಿಯ ನೆರಳೇ ಇರಲಿ, ಇಡೀ ನೆರಳು ಅಂದರೆ ಒಂದೇ ಅಳತೆ. ಕತ್ತರಿಸುವ ಪದ್ಧತಿ ಮಾತ್ರ ಬೇರೆ ಬೇರೆ. ನಮ್ಮದು ನೇಕಾರರ ಓಣಿ. ನಾವು ಮನೆಯ ನೆರಳನ್ನು ಸಮನಾಗಿ ಮೂರು ಮಾಡುತ್ತೇವೆ: ಮಗ್ಗಕ್ಕೊಂದು, ಒಲೆಗೊಂದು, ಹಿರಿಯ ಮಗಳಿಗೊಂದು. ಕಿರಿಯ ಮಗಳಿಗೆ ಏನೂ ಇಲ್ಲ. ನಾನು ಕಿರಿಯವಳು. ಅದರ ಸಿಟ್ಟನ್ನು ಬೇರೆ ಎತ್ತಿಟ್ಟಿದ್ದೇನೆ. ಕುಂಬಾರರ ಓಣಿಯಲ್ಲಿ ಎರಡು ಮಾಡುತ್ತಾರೆ, ಗಾಣಿಗರ ಓಣಿಯಲ್ಲಿ ನಾಲ್ಕು, ಆರು ಮಾಡುವ ಓಣಿಯೂ ಇದೆ. ಒಂದು ತೊಂದರೆ ಏನೆಂದರೆ, ಬೇರೆ ಅಳತೆಯ ತುಂಡುಗಳು ಒಂದಕ್ಕೊಂದು ಹೊಲಿಗೆ ಹಿಡಿಯುವುದಿಲ್ಲ. ಅರ್ಧವನ್ನೂ ಮೂರರಲ್ಲೊಂದನ್ನೂ ಅಂಚಿಗೆ ಅಂಚು ಇಟ್ಟು ಎಷ್ಟೇ ಒತ್ತಾಗಿ ಹೊಲಿಯಿರಿ, ನೀವು ದಾರ ಕಡಿಯುವ ಮುಂಚೆಯೇ ಸೀಳು ಬಾಯಿ ಬಿಡುತ್ತದೆ, ನಡುವೆ ಬಿಸಿಲು ಕತ್ತಿಯಂತೆ ನಿಲ್ಲುತ್ತದೆ. ಬಾಣಂತಿಯೊಬ್ಬಳು ಅಂಥ ಸೀಳಿನ ಕೆಳಗೆ ಮಲಗಿ ಮೈಮೇಲೆ ಬರೆ ಎಳೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಬೇರೆ ಬೇರೆ ಓಣಿಯವರಿಗೆ ಲಗ್ನವಾದರೆ ಅವರ ಪಾಲುಗಳನ್ನು ಕೂಡಿಸಿ ಕೊಡುವ ಕೆಲಸ ಕಟ್ಟೆಯ ಹಿರಿಯರದು.

ಕಟ್ಟೆ ಊರಿನ ನಡುವೆ ಇದೆ. ಅಲ್ಲಿ ನೆರಳಿನ ಮೇಲೆ ನೆರಳು, ಅದರ ಮೇಲೆ ನೆರಳು ಹಾಸಿ ಹಾಸಿ ನಡುಮಧ್ಯಾಹ್ನದಲ್ಲೂ ಮಬ್ಬು. ಊರೆಲ್ಲ ಬೆವರುವಾಗ ಹಿರಿಯರು ಅಲ್ಲಿ ಕಂಬಳಿ ಹೊದ್ದು ಕೂತಿರುತ್ತಾರೆ. ಅವರಿಗೆ ಸದಾ ನೆಗಡಿ. "ನಿಮಗಾಗಿ ಈ ಚಳಿ ತಡಕೊಂಡು ಕುಂತೀವವ್ವಾ" ಎನ್ನುತ್ತಾರೆ. ಜನ ಕೈಮುಗಿಯುತ್ತಾರೆ.

ನನ್ನ ಅಕ್ಕ ಸಾವಂತ್ರಿಯ ಲಗ್ನ ಕುಂಬಾರ ಓಣಿಯ ಮಾಯಪ್ಪನ ಜೊತೆ ಆಯಿತು. ಅಕ್ಕಿಕಾಳು ಬಿದ್ದ ಮೇಲೆ ಇಬ್ಬರನ್ನೂ ಕಟ್ಟೆಗೆ ಕರೆದೊಯ್ದರು. ಕಟ್ಟೆಯ ಯಜಮಾನ ಅಡಿವೆಪ್ಪ ಮೂಗು ಒರೆಸಿಕೊಂಡು ಸುಣ್ಣದ ಕಡ್ಡಿ ಹಿಡಿದ.

"ಹೆಣ್ಣಿನ ಕೈಯಾಗ ಎಷ್ಟು ತುಂಡು?"

"ಒಂದ್ರಿ" ಎಂದ ನಮ್ಮ ಅಪ್ಪ.

"ಎಷ್ಟರಾಗ?"

"ಮೂರರಾಗ."

ಅಡಿವೆಪ್ಪ ಹಾಸುಗಲ್ಲಿನ ಮೇಲೆ ಒಂದು ಬರೆದು, ಗೆರೆ ಎಳೆದು, ಕೆಳಗೆ ಮೂರು ಬರೆದ. ಗಂಡಿನದು ಎರಡರಲ್ಲಿ ಒಂದು. ಅದನ್ನೂ ಪಕ್ಕದಲ್ಲಿ ಹಾಗೇ ಬರೆದ. ಆಮೇಲೆ ಊರಿಗೆಲ್ಲ ಬಾಯಿಪಾಠವಾದ ಮಾತನ್ನು ರಾಗವಾಗಿ ಹೇಳಿದ: "ಮೇಲಿಂದು ಮೇಲಿಂದರ ಕೂಡ, ಕೆಳಗಿಂದು ಕೆಳಗಿಂದರ ಕೂಡ. ಒಂದೂ ಒಂದೂ ಎರಡು. ಮೂರೂ ಎರಡೂ ಐದು. ಐದರಾಗ ಎರಡು ತುಂಡು ಇವರ ಪಾಲು. ಒಂದಿದ್ದದ್ದು ಎರಡಾತು. ಬದುಕ್ರಿ."

ಅಕ್ಕನ ತುಂಡೂ ಮಾಯಪ್ಪ ಮಾಮನ ತುಂಡೂ ಕಟ್ಟೆಯ ಮೇಲಕ್ಕೆ ಹೋದವು. ಕಟ್ಟೆಯ ಇಡೀ ನೆರಳೊಂದನ್ನು ಐದು ಮಾಡಿ ಎರಡನ್ನು ಇವರ ಮಡಿಲಿಗೆ ಹಾಕಿದರು. ಎಲ್ಲರೂ ಒಪ್ಪಿದರು. ಯಾರು ಬೇಕಾದರೂ ಎಣಿಸಬಹುದಿತ್ತು, ಒಂದು ಇದ್ದಲ್ಲಿ ಎರಡು ಇತ್ತು. ಹಾಸಿ ನೋಡುವಂತಿರಲಿಲ್ಲ. ಎರಡು ನೆರಳನ್ನು ಒಂದರ ಪಕ್ಕ ಒಂದು ಹಾಸಿ ಉದ್ದ ನೋಡಿದರೆ ಮನೆಗೆ ಕೇಡು ಎಂದು ನಮ್ಮಲ್ಲಿ ನಂಬಿಕೆ. ಆ ನಂಬಿಕೆಯನ್ನು ಊರಿಗೆ ಹಬ್ಬಿಸಿದವರು ಯಾರಿರಬಹುದು ಎಂದು ಈಗ ಯೋಚಿಸುತ್ತೇನೆ.

ಮುಂದಿನ ಸುಗ್ಗಿಯ ಹೊತ್ತಿಗೆ ಅಕ್ಕ ತವರಿಗೆ ಬಂದಾಗ ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಆಯಿ ಬೆಣ್ಣೆ ಸವರುತ್ತಾ, "ಏನವ್ವಾ, ಗಂಡನ ಮನಿಯಾಗ ನೆರಳ ಇಲ್ಲೇನು?" ಎಂದಳು.

"ಐತಿ ಆಯಿ. ಹಸಿ ಗಡಿಗಿಗೆ ಬಿಟ್ಟು ನಾ ಬಿಸಲಾಗ ಕೂಡ್ತೀನಿ."

"ಗಡಿಗಿ ದೊಡ್ಡೋವೋ ನೀ ದೊಡ್ಡಾಕಿಯೋ?"

"ಅತ್ತಿಗೆ ಗಡಿಗಿ ದೊಡ್ಡೋವು" ಎಂದಳು ಅಕ್ಕ. ಮೆಲ್ಲಗೆ ನಕ್ಕಳು. ಆಮೇಲೆ ನಗಲಿಲ್ಲ.

ಕುಂಬಾರರ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಿಗರಿಯಿಂದ ಇಳಿಸಿದ ಹಸಿ ಗಡಿಗೆ ನೆರಳಿನಲ್ಲಿ ನಿಧಾನಕ್ಕೆ ಆರಬೇಕು. ಬಿಸಿಲು ತಾಗಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಆವಿಗೆಯಲ್ಲಿ ಸುಡುವಾಗ ಎರಡಾಗುತ್ತದೆ. ಮಾಯಪ್ಪ ಮಾಮನ ಮನೆಯಲ್ಲಿ ಲಗ್ನಕ್ಕೆ ಮುಂಚೆ ಒಂದೂ ಒಡೆಯುತ್ತಿರಲಿಲ್ಲ. ಈಗ ಗೋಡೆಯ ಪಕ್ಕದ ಸಾಲು ಪೂರ್ತಿ ಒಡೆಯುತ್ತಿತ್ತು. ಅಕ್ಕನ ಅತ್ತೆ ತಿಪ್ಪವ್ವ ಒಡೆದ ಬೋಕಿಗಳನ್ನು ಬಾಗಿಲ ಮುಂದೆ ಗುಡ್ಡೆ ಹಾಕುತ್ತಿದ್ದಳು, ಬಂದವರಿಗೆ ಕಾಣಲಿ ಎಂದು. "ಸೊಸಿ ಕಾಲಗುಣ ನೋಡ್ರೆವ್ವಾ. ಈಕಿ ಹೊಸ್ತಿಲಾ ದಾಟಿದ್ದೇ ತಡ, ನನ್ನ ಮಗನ ನೆರಳ ಕುಗ್ಗಿತು."

ಅಕ್ಕನನ್ನು ಕಳಿಸಲು ನಾನೂ ಹೋದೆ. ಮಾಮನಿಗೆ ಒಬ್ಬ ತಮ್ಮ, ಲಗ್ನವಾಗದವನು. ಅಂಗಳದ ಆಚೆ ಪಾಲಿನಲ್ಲಿ ಅವನ ಅರ್ಧ ನೆರಳು ಗೋಡೆಯ ಕೊನೆಯ ಗೂಟದವರೆಗೂ ಆರಾಮಾಗಿ ಚಾಚಿಕೊಂಡಿತ್ತು. ಈಚೆ ಪಾಲಿನಲ್ಲಿ ಅಕ್ಕ-ಮಾಮರ ಎರಡು ತುಂಡುಗಳನ್ನು ಸೇರಿಸಿ ಎಷ್ಟು ಎಳೆದು ಕಟ್ಟಿದರೂ ಕೊನೆಯ ಗೂಟ ಮುಟ್ಟಿರಲಿಲ್ಲ. ಹಾಸಿ ನೋಡಬಾರದು ಎನ್ನುವ ಊರಿನಲ್ಲಿ ಅವು ತಾವೇ ಪಕ್ಕಪಕ್ಕ ತೂಗುತ್ತಿದ್ದವು. ಒಂಟಿಯವನ ನೆರಳು ಜೋಡಿಯ ನೆರಳಿಗಿಂತ ಉದ್ದವಿತ್ತು.

"ಮಾಮಾ, ಲಗ್ನಕ್ಕ ಮೊದಲ ನಿಮ್ಮ ನೆರಳು ಆ ಗೂಟಕ್ಕ ಮುಟ್ಟತಿತ್ತೇನು?"

"ಹೂಂ. ಮುಟ್ಟಿ ಗಂಟು ಹಾಕಾಕ ಬರತಿತ್ತು."

"ನಿಮ್ಮದರಾಗ ನಮ್ಮಕ್ಕಂದು ಕೂಡಸ್ಯಾರ. ಕೂಡಿಸಿದ ಮ್ಯಾಲೆ ಕಮ್ಮಿ ಹೆಂಗ ಆತು?"

ಮಾಮ ತಲೆ ಕೆರೆದುಕೊಂಡ. ಒಳ್ಳೆಯವನು, ಆದರೆ ಕೈಯಲ್ಲಿ ಮಣ್ಣಿಲ್ಲದಾಗ ಅವನಿಗೆ ಯೋಚನೆ ಹೊಳೆಯುವುದಿಲ್ಲ. "ಎರಡು ತುಂಡು ಅದಾವಲ್ಲ ಪದ್ದಿ" ಎಂದ. "ಮೊದಲ ಒಂದಿತ್ತು."

ತಿಪ್ಪವ್ವ ಒಳಗಿನಿಂದಲೇ ಕೇಳಿಸಿಕೊಂಡು ಹೇಳಿದಳು: "ಮುಂದಿನ ಆವಿಗಿ ಒಡೀಲಿ. ಅದರ ಬೋಕಿ ಈ ಗುಡ್ಡಿ ಮ್ಯಾಲೆ ಬಿತ್ತೋ, ನಿಮ್ಮಕ್ಕನ ಗಂಟು ಕಟ್ಟಿ ಕಳಸ್ತೀನಿ. ಬಿಟ್ರ ನನ್ನ ಮಗಗ ಅವನ ಅರ್ಧ ವಾಪಸ್ ಬರ್ತೈತಿ."

ಅಕ್ಕ ಗಡಿಗೆಗಳನ್ನು ಒಳಗೆಳೆಯುತ್ತಿದ್ದಳು. ಅವಳಿಗೆ ಮಾಮನೆಂದರೆ ಜೀವ. ಅವನು ತಿಗರಿ ತಿರುಗಿಸುವಾಗ ಇವಳು ನೀರು ಹಿಡಿದು ನಿಂತ ರೀತಿಯನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ.

ನಾನು ನೇರವಾಗಿ ಕಟ್ಟೆಗೆ ಹೋದೆ. ಅಡಿವೆಪ್ಪ ಶುಂಠಿ ಕಷಾಯ ಕುಡಿಯುತ್ತಿದ್ದ. ನಾನು ಕೇಳಿದ್ದು ಒಂದೇ ಮಾತು: ಅರ್ಧಕ್ಕೆ ಏನೋ ಒಂದು ಕೂಡಿಸಿದರೆ ಅದು ಅರ್ಧಕ್ಕಿಂತ ಕಡಿಮೆ ಹೇಗೆ ಆಗುತ್ತದೆ?

"ಯಾರ ಮಗಳಿಕಿ?"

"ನೇಕಾರ ಓಣಿ, ಆ ಕಥಿ ಹೇಳೋ ಮುದುಕಿ ಮೊಮ್ಮಗಳು" ಎಂದ ಪಕ್ಕದ ಹಿರಿಯ.

"ಅದಕ್ಕ. ನೋಡವ್ವಾ, ಕಥಿಯೊಳಗ ಹಕ್ಕಿ ಮಾತಾಡ್ತಾವು, ಕಲ್ಲು ಹಾರ್ತಾವು. ಲೆಕ್ಕದಾಗ ಹಂಗ ಇಲ್ಲ. ಮೇಲಿಂದು ಮೇಲಿಂದರ ಕೂಡ, ಕೆಳಗಿಂದು ಕೆಳಗಿಂದರ ಕೂಡ. ಜನಾನೂ ಹಂಗ, ಅಂಕಿನೂ ಹಂಗ. ಇದನ್ನ ತಪ್ಪಿಸಿದ್ರ ಊರು ಉಳೀತೈತೇನು?"

"ಊರಿನ ಮಾತಲ್ರಿ, ನೆರಳಿನ ಮಾತು. ನಮ್ಮಕ್ಕನ ನೆರಳು ಗೂಟ ಮುಟ್ಟಾಂಗಿಲ್ಲ."

"ಗೂಟಾನ ಕಿತ್ತು ಈಚೆ ಹುಗೀರಿ" ಎಂದ ಅಡಿವೆಪ್ಪ. ಕಂಬಳಿಯೊಳಗೆ ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವನು ಸ್ವಲ್ಪ ಮೆತ್ತಗಾಗಿ, "ನೀನೇ ಅರ್ಧಾನೂ ಮೂರರಾಗಿನ ಒಂದೂ ತಂದು ಹೊಲದು ತೋರಸು. ಹೊಲಿಗಿ ನಿಂತ್ರ ನಾ ಈ ಕಟ್ಟಿ ಇಳೀತೀನಿ" ಎಂದ. ಹೊಲಿಗೆ ನಿಲ್ಲುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆಗೆ ಬಂದು ಆಯಿಯ ಪಕ್ಕ ಕುಸಿದು ಕೂತೆ. ಆಯಿ ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟು ಬಂದಾಗ ನನಗೆ ಕಥೆ ಹೇಳಿ ಮಲಗಿಸುವುದು ಅವಳ ಹಳೆಯ ಚಾಳಿ. ಈಗಲೂ ಶುರು ಮಾಡಿದಳು. "ಒಂದೂರಾಗ ಇಬ್ಬರು ರಾಕ್ಷಸ ಅಣತಮ್ಮರಿದ್ರು. ಒಬ್ಬ ಏನ ಸಿಕ್ರೂ ಎರಡ ಹೋಳ ಮಾಡ್ತಿದ್ದ. ಇನ್ನೊಬ್ಬ ಮೂರ ಹೋಳ ಮಾಡ್ತಿದ್ದ. ಅವನ ಹೋಳ ಇವಗ ದೊಡ್ಡದು ಕಾಣೋದು, ಇವನ ಹೋಳ ಅವಗ ಸಣ್ಣದು ಕಾಣೋದು. ಜಗಳಾಡಿ ಜಗಳಾಡಿ ಇಬ್ರೂ ಉಪವಾಸ ಸತ್ರು."

"ಇಬ್ರೂ ಇನ್ನೊಮ್ಮೆ ಯಾಕ ಕತ್ತರಿಸಲಿಲ್ಲ ಆಯಿ? ಇಬ್ಬರ ಹೋಳೂ ಒಂದ ಆಗೂತನಕ?"

"ಕಥಿಯೊಳಗ ಹಂಗ ಇಲ್ಲವ್ವಾ. ಸತ್ರು ಅಂತ ಐತಿ."

ನಾನು ಬುಟ್ಟಿಯಿಂದ ಎರಡು ರೊಟ್ಟಿ ತೆಗೆದುಕೊಂಡೆ. ಒಂದನ್ನು ಎರಡು ಮಾಡಿ ಒಂದು ಹೋಳು ಇಟ್ಟುಕೊಂಡೆ. ಇನ್ನೊಂದನ್ನು ಮೂರು ಮಾಡಿ ಒಂದು ಹೋಳು ಇಟ್ಟುಕೊಂಡೆ. ಅರ್ಧದ ಹೋಳನ್ನು ಮತ್ತೆ ಮೂರು ಮಾಡಿದೆ. ಮೂರರ ಹೋಳನ್ನು ಮತ್ತೆ ಎರಡು ಮಾಡಿದೆ. ಐದು ಚೂರು ಬಂದವು. ಒಂದರ ಮೇಲೆ ಒಂದು ಇಟ್ಟು ನೋಡಿದೆ, ಎಲ್ಲ ಒಂದೇ ಅಳತೆ. ಅಂಥ ಆರು ಚೂರು ಸೇರಿದರೆ ಇಡೀ ರೊಟ್ಟಿ. ಅಂದರೆ ಅಕ್ಕನಿಗೂ ಮಾಮನಿಗೂ ಸಿಗಬೇಕಾದದ್ದು ಆರರಲ್ಲಿ ಐದು. ಒಂದೇ ಒಂದು ಚೂರು ಸೇರಿದ್ದರೆ ಪೂರ್ತಿ ನೆರಳು. ಅವರಿಗೆ ಕೊಟ್ಟದ್ದು ಅರ್ಧಕ್ಕಿಂತ ಕಡಿಮೆ.

"ರೊಟ್ಟಿ ಹಾಳ ಮಾಡಬ್ಯಾಡ" ಎಂದಳು ಆಯಿ.

"ಆಯಿ, ಹುಣಸಿ ಬೀಜ ಎಲ್ಲಿ ಇಟ್ಟೀದಿ?"

ಕಟ್ಟೆ ಎಷ್ಟು ನುಂಗಿದೆ ಎಂದು ನನಗೆ ತಿಳಿಯಬೇಕಿತ್ತು. ಆರರ ಚೂರು ಒಂದು ಅಳತೆ, ಐದರ ಚೂರು ಇನ್ನೊಂದು ಅಳತೆ, ಹಾಗೇ ಕಳೆಯಲು ಬರುವುದಿಲ್ಲ. ಒಂದು ಇಡೀ ನೆರಳು ಅಂದರೆ ಮೂವತ್ತು ಬೀಜ ಎಂದು ಇಟ್ಟುಕೊಂಡೆ, ಏಕೆಂದರೆ ಮೂವತ್ತನ್ನು ಆರು ಗುಂಪೂ ಮಾಡಬಹುದು, ಐದು ಗುಂಪೂ ಮಾಡಬಹುದು, ಒಂದು ಬೀಜವೂ ಹೊರಗೆ ಉಳಿಯುವುದಿಲ್ಲ. ಆರರಲ್ಲಿ ಐದು ಗುಂಪು ಅಂದರೆ ಇಪ್ಪತ್ತೈದು ಬೀಜ, ಅದು ಇವರು ತಂದದ್ದು. ಐದರಲ್ಲಿ ಎರಡು ಗುಂಪು ಅಂದರೆ ಹನ್ನೆರಡು, ಅದು ಇವರು ಒಯ್ದದ್ದು. ಹಾಸಿದ ಬೀಜಗಳಲ್ಲಿ ಹನ್ನೆರಡನ್ನು ಸರಿಸಿದೆ. ಹದಿಮೂರು ಉಳಿದವು. ನಾನು ಆ ಹದಿಮೂರನ್ನು ನೋಡುತ್ತಲೇ ಇದ್ದೆ. ಕೊಟ್ಟದ್ದಕ್ಕಿಂತ ಇಟ್ಟುಕೊಂಡದ್ದೇ ಹೆಚ್ಚು. ಕಂಬಳಿ ಹೊದ್ದು ನಮಗಾಗಿ ಚಳಿ ತಡೆಯುವವರು.

ನಮ್ಮ ಅವ್ವನ ಅವ್ವನ ಕಾಲದಿಂದ ಎಷ್ಟು ಲಗ್ನಗಳಾಗಿವೆ. ಬಿಸಿಲಿಗೆ ಕಪ್ಪಾದ ಎಷ್ಟು ಹೆಂಗಸರು ತಮ್ಮ ಕಾಲ್ಗುಣಕ್ಕೆ ತಾವೇ ಹೆದರಿ ಬದುಕಿದ್ದಾರೆ. ನನ್ನ ರಾಜಕುಮಾರಿಯರೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತರು, ಎಲ್ಲರ ಮೂಗಿನ ಚರ್ಮವೂ ಸುಲಿದಿತ್ತು.

ಅಷ್ಟರಲ್ಲಿ ಮುಂದಿನ ಆವಿಗೆಯ ಗಡಿಗೆಗಳೂ ಒಡೆದವು. ತಿಪ್ಪವ್ವ ಅಂದಂತೆಯೇ ಮಾಡಿದಳು, ಅಕ್ಕನ ಸೀರೆಗಳನ್ನು ಗಂಟು ಕಟ್ಟಿ ಜಗಲಿಯ ಮೇಲೆ ಇಟ್ಟಳು. ಸುದ್ದಿ ಕೇಳಿ ನಾನು ಓಡಿದೆ. ಅಂಗಳದಲ್ಲಿ ಅಕ್ಕನನ್ನೂ ಮಾಮನನ್ನೂ ಕೂರಿಸಿ ಬೀಜ ಹಾಸಿ ತೋರಿಸಿದೆ. ಮಾಮ ಬೀಜಗಳನ್ನು ಮಣ್ಣಿನ ಕೈಯಲ್ಲಿ ಒಂದೊಂದಾಗಿ ಮುಟ್ಟಿದ. ಅವನ ಮುಖ ಕೆಂಪಾಯಿತು. "ಅವ್ವಾ, ಇಲ್ಲಿ ಬಾ, ನೋಡು" ಎಂದ. ತಿಪ್ಪವ್ವ ಬಂದಳು, ನೋಡಿದಳು, "ಹುಣಸಿ ಬೀಜದಿಂದ ಗಡಿಗಿ ಆರತಾವೇನು" ಎಂದಳು.

ನಾನು ಕತ್ತರಿ, ಸೂಜಿದಾರ ಹಿಡಿದೆ, ಮೂವರೂ ಕಟ್ಟೆಗೆ ಹೋದೆವು, ತಿಪ್ಪವ್ವ ಗಂಟು ಹಿಡಿದುಕೊಂಡು ಹಿಂದೆ ಬಂದಳು. ನಮ್ಮ ಹಳೆಯ ತುಂಡುಗಳನ್ನು ಕೊಡಿ, ನಾವೇ ಹೊಲಿದುಕೊಳ್ಳುತ್ತೇವೆ ಎಂದೆ. ಅಡಿವೆಪ್ಪ ಅಂದು ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಸಾವಧಾನವಾಗಿ ಹೇಳಿದ: "ಕೂಡಿದ ಪಾಲು ಬಿಡಿಸಾಕ ಬರಾಂಗಿಲ್ಲ. ಗಂಡ-ಹೆಂಡತಿ ಬಿಟ್ರ ಮಾತ್ರ ಕಳೀತೀವಿ."

"ಹಂಗಾದ್ರ ಕಳೀರಿ" ಎಂದಳು ತಿಪ್ಪವ್ವ, ಗಂಟನ್ನು ಕಟ್ಟೆಯ ಮೇಲಿಟ್ಟು.

ಅಡಿವೆಪ್ಪ ಹಾಸುಗಲ್ಲಿನ ಮೇಲೆ ಬರೆದ. "ಎರಡರಾಗ ಒಂದು ಕಳದ್ರ ಒಂದು. ಐದರಾಗ ಮೂರು ಕಳದ್ರ ಎರಡು. ಎರಡರಾಗ ಒಂದು, ಅಂದ್ರ ಅರ್ಧ. ಆಕಿ ಮೂರರಾಗಿನ ಒಂದು ಆಕಿ ಒಯ್ತಾಳ, ಇವನ ಅರ್ಧ ಇವಗ ಉಳೀತೈತಿ. ನೋಡ್ರಿ, ಲೆಕ್ಕ ಎಷ್ಟು ಬರೋಬ್ಬರಿ ಐತಿ." ಸೇರಿದ್ದ ಜನ ತಲೆದೂಗಿದರು. ತಪ್ಪು ಕೂಡಿಸಿ ತಪ್ಪು ಕಳೆದರೆ ಹಿಂದಿನದೇ ಬಂದು ನಿಲ್ಲುತ್ತದೆ. ಅದನ್ನೇ ಅವರು ಸರಿ ಅಂದುಕೊಂಡಿದ್ದರು. ಬಿಟ್ಟವರಿಗೆ ಮಾತ್ರ ಹಕ್ಕಿನದು ಸಿಗುವ ಲೆಕ್ಕ ಅದೆಂಥ ಲೆಕ್ಕ ಎಂದು ಕೇಳಲು ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದಳು.

"ಬಿಡ್ತೀನ್ರಿ" ಎಂದಳು.

ಮಾಮ ಅವಳನ್ನೇ ನೋಡಿದ. ನಮ್ಮಲ್ಲಿ ಬಿಡುವುದೆಂದರೆ ಗಂಡ ಊರ ಮುಂದೆ 'ಈಕಿ ನನ್ನ ಪಾಲಲ್ಲ' ಅನ್ನಬೇಕು, ಹೆಂಡತಿ ಸೆರಗಿನ ಗಂಟು ಬಿಚ್ಚಬೇಕು.

"ಅನ್ನು" ಎಂದಳು ಅಕ್ಕ.

"ಹೆಂಗ ಅನ್ಲಿ ಸಾವಂತ್ರಿ?"

"ಗಡಿಗಿ ಆರಬೇಕಲ್ಲ. ಅನ್ನು."

ಅವನು ಅಂದ. ನೆಲ ನೋಡಿಕೊಂಡು ಅಂದ. ಅಕ್ಕ ಗಂಟು ಬಿಚ್ಚಿದಳು. ಸುತ್ತ ನಿಂತ ಮುತ್ತೈದೆಯರು ಒಂದು ಹೆಜ್ಜೆ ಹಿಂದೆ ಸರಿದರು, ಅವಳ ಗಾಳಿ ತಾಗದಿರಲಿ ಎಂದು. ಕಟ್ಟೆಯವರು ಐದರಲ್ಲಿ ಎರಡನ್ನು ಹಿಂದಕ್ಕೆ ಪಡೆದು, ಅರ್ಧವನ್ನು ಅವನಿಗೂ ಮೂರರಲ್ಲೊಂದನ್ನು ಅವಳಿಗೂ ಎಸೆದರು.

ಅಕ್ಕ ಮನೆಗೂ ಹೋಗಲಿಲ್ಲ, ತವರಿಗೂ ಹೊರಡಲಿಲ್ಲ. ಕಟ್ಟೆಯ ಮುಂದಿನ ಸುಡುವ ಹಾದಿಯಲ್ಲೇ ಕುಳಿತಳು. ತನ್ನದನ್ನು ಹಾಸಿದಳು, ಮಾಮನ ಕೈಯಿಂದ ಅವನದನ್ನು ಎಳೆದುಕೊಂಡು ಪಕ್ಕದಲ್ಲಿ ಹಾಸಿದಳು. ಜನ ಕಣ್ಣು ಮುಚ್ಚಿಕೊಂಡರು, ಕೇಡು ಎಂದು. ನನ್ನ ಕೈಯಲ್ಲಿದ್ದ ಕತ್ತರಿ ಕಿತ್ತುಕೊಂಡು ಅರ್ಧವನ್ನು ಮೂರು ಮಾಡಿದಳು, ತನ್ನದನ್ನು ಎರಡು ಮಾಡಿದಳು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಮೊದಲ ಎರಡು ಚೂರು ಸೇರಿದವು. ಅವಳು ದಾರ ಕಡಿದಳು. ಸೀಳು ಬಾಯಿ ಬಿಡಲಿಲ್ಲ. ಹೊಲಿದ ಜಾಗ ಹುಡುಕಿದರೂ ಕಾಣದಂತೆ ಕೂಡಿಕೊಂಡಿತು. ಮೂರನೆಯದು, ನಾಲ್ಕನೆಯದು, ಐದನೆಯದು. ಎದ್ದು ಕೊಡವಿದಾಗ ಆ ನೆರಳು ಹಾದಿಯ ಈ ಬದಿಯಿಂದ ಆ ಬದಿಗೆ ಬಿತ್ತು. ಅಲ್ಲಿ ಮಲಗಿದ್ದ ನಾಯಿ ಕಣ್ಣು ತೆರೆದು, ನೋಡಿ, ನಿಟ್ಟುಸಿರಿಟ್ಟು ಮತ್ತೆ ಮಲಗಿತು.

"ಬಿಟ್ಟವರು ಕೂಡಾಂಗಿಲ್ಲ" ಎಂದ ಅಡಿವೆಪ್ಪ.

"ನಾವೆಲ್ಲಿ ಕೂಡೀವ್ರಿ" ಎಂದಳು ಅಕ್ಕ. "ತುಂಡು ಕೂಡ್ಯಾವು."

"ಹೊಲಿಗಿ ನಿಂತೈತಿ, ಕಟ್ಟಿ ಇಳೀತೀನಿ ಅಂದಿದ್ರಿ" ಎಂದೆ ನಾನು. ಅವನಿಗೆ ಆಗ ಜೋರಾಗಿ ಕೆಮ್ಮು ಬಂತು.

ಮುಂದೆ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ, ಕಥೆ ಕೇಳಿ ಬೆಳೆದವಳು. ಗಡಿಗೆಗಳು ಆರಿದವು, ಒಂದೂ ಒಡೆಯಲಿಲ್ಲ. ಅಕ್ಕ ಮಾಮನ ಮನೆಯಲ್ಲೇ ಉಳಿದಳು. ತಿಪ್ಪವ್ವ ಆ ದೊಡ್ಡ ನೆರಳಿನ ನಟ್ಟನಡುವೆ ಹಾಸಿಗೆ ಹಾಕಿಸಿಕೊಂಡು, ಬಂದವರಿಗೆ ಸೊಸೆಯನ್ನು ತೋರಿಸಿ, "ಬಿಟ್ಟಾಕಿ ನೋಡ್ರಿ, ಬಾಳೇ ಮಾಡಾಕತ್ಯಾಳ" ಎನ್ನುತ್ತಿದ್ದಳು. ಅಕ್ಕನನ್ನು ಯಾರೂ ಕುಂಕುಮಕ್ಕೆ ಕರೆಯಲಿಲ್ಲ, ತೊಟ್ಟಿಲು ತೂಗಲು ಕರೆಯಲಿಲ್ಲ. ಆದರೆ ಹಿತ್ತಲ ಬಾಗಿಲಿನಿಂದ ಎಲ್ಲರೂ ಬಂದರು. ಮೂರಕ್ಕೂ ನಾಲ್ಕಕ್ಕೂ ಎಷ್ಟು ಮಾಡಬೇಕು, ನಾಲ್ಕಕ್ಕೂ ಆರಕ್ಕೂ ಎಷ್ಟು ಮಾಡಬೇಕು ಎಂದು ಕೇಳಿದರು. ಒಬ್ಬಾಕೆ ನಾಲ್ಕನ್ನೂ ಆರನ್ನೂ ಗುಣಿಸಿ ಇಪ್ಪತ್ನಾಲ್ಕರ ಚೂರು ಮಾಡಿಕೊಂಡು ಬಂದು, ಹೊಲಿದು ಹೊಲಿದು ಬೆರಳು ತೂತಾಗಿ ಅತ್ತಳು. "ಹನ್ನೆರಡು ಸಾಕಿತ್ತಲ್ಲೇ ತಂಗಿ, ಎರಡಕ್ಕೂ ಹೊಂದತಿತ್ತು" ಎಂದು ಅಕ್ಕ ಅವಳ ಬೆರಳಿಗೆ ಅರಿಶಿನ ಹಚ್ಚಿದಳು.

ಹಳೆಯ ತುಂಡು ಸಿಗಬೇಕಾದರೆ ಮೊದಲು ಬಿಡಬೇಕಿತ್ತು. ಊರಿನವರು ಬಿಡತೊಡಗಿದರು. ಕಟ್ಟೆಯ ಮುಂದೆ ಜೋಡಿಗಳ ಸಾಲು, ಕಟ್ಟೆಯ ಮೇಲಿನ ನೆರಳು ದಿನದಿನಕ್ಕೆ ತೆಳ್ಳಗಾಗಿ ಹಿರಿಯರ ಕಂಬಳಿಗಳು ಒಂದೊಂದಾಗಿ ಇಳಿದವು, ನೆಗಡಿಯೂ ವಾಸಿಯಾಯಿತು. ಆಗಲಾದರೂ ಯಾರಾದರೂ ಲೆಕ್ಕ ತಪ್ಪು ಅನ್ನುತ್ತಾರೆ ಎಂದು ನಾನು ಕಾದೆ. ಯಾರೂ ಅನ್ನಲಿಲ್ಲ. ಬದಲಿಗೆ ಹಿರಿಯರು ಕೂತು ಹೊಸ ಶಾಸ್ತ್ರವೊಂದನ್ನು ಮಾಡಿದರು: ಬೆಳಿಗ್ಗೆ ಲಗ್ನ, ಊಟಕ್ಕೆ ಮುಂಚೆ ಬಿಡುವುದು, ಊಟದ ಮೇಲೆ ಹೊಲಿಗೆ. ಬಿಡುವ ಶಾಸ್ತ್ರಕ್ಕೆ ಹಾಡೂ ಹುಟ್ಟಿತು, ಮದುಮಗಳು ಗಂಟು ಬಿಚ್ಚುವಾಗ ಓರಗೆಯವರು ನಗುತ್ತಾ ಹಾಡುತ್ತಾರೆ. ಶಾಸ್ತ್ರಕ್ಕೆ ಬಿಟ್ಟವರು ಮುತ್ತೈದೆಯರೇ. ಮೊದಲು ನಿಜಕ್ಕೂ ಬಿಟ್ಟ ನನ್ನ ಅಕ್ಕ ಮಾತ್ರ ಬಿಟ್ಟವಳು. ಸರಿಯಾದ ಹೊಲಿಗೆ ಕೈಗೆ ಬಂದ ಮೇಲೂ ತಪ್ಪು ಲೆಕ್ಕವನ್ನು ಬಿಡಲು ಮನಸ್ಸಿಲ್ಲದೆ, ಅದಕ್ಕಾಗಿ ಇಡೀ ಊರಿನ ಲಗ್ನಗಳನ್ನೇ ಮುರಿಯುವ ಜನ ನಮ್ಮವರು. ಅವರ ನಡುವೆ ನಾನು ಉಂಡು ಉಟ್ಟು ಓಡಾಡುತ್ತೇನೆ ಎಂದು ನೆನೆದರೆ ನನಗೆ ನನ್ನ ಮೇಲೇ ಬೇಸರವಾಗುತ್ತದೆ.

ಅಡಿವೆಪ್ಪನ ಮೊಮ್ಮಗಳು ನಿಂಬೆವ್ವನ ಲಗ್ನಕ್ಕೆ ಅಕ್ಕನಿಗೆ ಕರೆ ಬಂತು. ಕುಂಕುಮಕ್ಕಲ್ಲ, ಕತ್ತರಿಸಲು. ಅವಳಷ್ಟು ಸಮನಾಗಿ ಕತ್ತರಿಸುವವರು ಬೇರೆ ಇರಲಿಲ್ಲ. ಕಟ್ಟೆಯ ಮುಂದೆ ಹಾಕಿದ ಚಪ್ಪರದ ಹೊರಗೆ, ಬಿಸಿಲಿನಲ್ಲಿ, ಅವಳಿಗೊಂದು ಮಣೆ ಹಾಕಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ನಿಂಬೆವ್ವ ಗಾಣಿಗರ ಓಣಿಯವಳು, ನಾಲ್ಕರಲ್ಲಿ ಒಂದು. ಗಂಡು ನಮ್ಮ ನೇಕಾರ ಓಣಿಯವನು, ಹೆಣ್ಣುಮಕ್ಕಳಿಲ್ಲದ ಮನೆಗೆ ಒಬ್ಬನೇ ಮಗ, ಆದ್ದರಿಂದ ಮಗಳ ಪಾಲು ಅವನಿಗೆ, ಮೂರರಲ್ಲಿ ಒಂದು. ಅಡಿವೆಪ್ಪ ಎಂದಿನಂತೆ ಬರೆದು, ಏಳರಲ್ಲಿ ಎರಡು ಎಂದು ರಾಗ ತೆಗೆದ. ಆಮೇಲೆ ಬಿಡುವ ಶಾಸ್ತ್ರಕ್ಕೆ ಹಾಡು ಎತ್ತಿಕೊಂಡರು.

"ನಾ ಬಿಡಾಂಗಿಲ್ಲ ಮುತ್ಯಾ" ಎಂದಳು ನಿಂಬೆವ್ವ.

ಹಾಡು ನಿಂತಿತು. "ಶಾಸ್ತ್ರಕ್ಕ ಕೂಸ" ಎಂದ ಅಡಿವೆಪ್ಪ.

"ಈಗರ ಗಂಟು ಕಟ್ಟೀರಿ. ಶಾಸ್ತ್ರಕ್ಕೂ ಬಿಡಾಂಗಿಲ್ಲ. ಬಿಡಲಾರದನ ಸರೀ ಪಾಲು ಕೊಡ್ರಿ."

ಹುಡುಗಿ ಹಠಮಾರಿ ಎಂದು ಯಾರೋ ಗೊಣಗಿದರು. ಮದುಮಗ ಅವಳ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಂತ. ಅಡಿವೆಪ್ಪ ಮೊಮ್ಮಗಳನ್ನು ನೋಡಿದ, ಹೊರಗೆ ಮಣೆಯ ಮೇಲೆ ಕೂತಿದ್ದ ನನ್ನ ಅಕ್ಕನನ್ನು ನೋಡಿದ. ಕೊನೆಗೆ ಅಕ್ಕನಿಗೇ, "ಕತ್ತರಸವ್ವಾ ಸಾವಂತ್ರಿ. ನಿನಗ ಗೊತ್ತೈತಲ್ಲ" ಎಂದ.

ಅಕ್ಕ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡಳು. "ಎಷ್ಟರಾಗ ಎಷ್ಟು ಕತ್ತರಸಲಿ ಯಜಮಾನ್ರ? ನೀವು ಅನ್ರಿ."

"ನಿನಗ ಗೊತ್ತೈತಿ."

"ನನಗ ಗೊತ್ತಾಗಾಕ ನಾ ಗಂಡನ ಬಿಟ್ಟೀನಿ. ನೀವು ಬಾಯಿಲೆ ಅನ್ರಿ."

ಮದುಮಕ್ಕಳಿಬ್ಬರ ಮೇಲೂ ಬಿಸಿಲು ಇಳಿಯುತ್ತಿತ್ತು, ನಿಂಬೆವ್ವನ ಹಣೆಯ ಕುಂಕುಮ ಬೆವರಿಗೆ ಮೂಗಿನತ್ತ ಜಾರುತ್ತಿತ್ತು. ಅಡಿವೆಪ್ಪ ಹಾಸುಗಲ್ಲಿನ ಮುಂದೆ ಬಗ್ಗಿ, ತಾನು ಬರೆದ ಎರಡನ್ನೂ ಏಳನ್ನೂ ಅಂಗೈಯಿಂದ ಒರೆಸಿದ. ಮತ್ತೆ ಸುಣ್ಣದ ಕಡ್ಡಿ ಹಿಡಿದ. ತುಟಿ ಅಲುಗುತ್ತಿತ್ತು, ಮೂರನ್ನು ನಾಲ್ಕು ಮಾಡುತ್ತಿದ್ದ, ನಾಲ್ಕನ್ನು ಮೂರು ಮಾಡುತ್ತಿದ್ದ. ಅವನಿಗೆ ಬರುತ್ತಿತ್ತು. ಎಂದಿನಿಂದ ಬರುತ್ತಿತ್ತೋ, ಅದನ್ನು ನೆನೆದು ನನ್ನ ಕಿವಿ ಬಿಸಿಯಾಯಿತು.

"ಹನ್ನೆರಡರಾಗ ಏಳು" ಎಂದ, ತನ್ನ ಮೊಳಕಾಲಿಗೆ ಹೇಳಿದಂತೆ. "ಮೊದಲಿನ ಲೆಕ್ಕ ತಪ್ಪಿತ್ತು."

ಮುಂದೆ ನಿಂತವರಿಗೆ ಕೇಳಿಸಿತು. ಅಕ್ಕನಿಗೆ ಕೇಳಿಸಿತು, ಕತ್ತರಿ ಎತ್ತಿದಳು. ನಾನು ಅವಳ ಕೈಯ ಮೇಲೆ ಕೈ ಇಟ್ಟು ತಡೆದೆ. ಚಪ್ಪರದ ಹಿಂದಿನ ಸಾಲುಗಳಲ್ಲಿ ಮೂಗು ಸುಲಿದ ಹೆಂಗಸರು ಕತ್ತು ಚಾಚಿಕೊಂಡು, ಏನಂದ, ಏನಂದ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

"ಯಜಮಾನ್ರ" ಎಂದೆ, "ಹಿಂದ ನಿಂತವರಿಗೆ ಕೇಳಸಿಲ್ಲ. ಎದ್ದು ನಿಂತು ಇನ್ನೊಮ್ಮೆ ಅನ್ರಿ."